ಮೂರು ಗಂಟೆಯ ಮೆರವಣಿಗೆ ಎಷ್ಟು ಗಂಟೆಗೆ?

ಹಿರಿಯರು: ಥೀಮ್ ಪಾರ್ಕಿಗೆ ಹೋಗಿಬಂದವರು ಮೊದಲು ಹೇಳುವುದು ರೈಡುಗಳ ಸುದ್ದಿ, ಕೋಟೆಯ ಸುದ್ದಿ, ರಾತ್ರಿಯ ಪಟಾಕಿಯ ಸುದ್ದಿ. ಮಾತು ಬೆಳೆದಂತೆ ಮನುಷ್ಯರು ಬರುತ್ತಾರೆ. ಎತ್ತರ ಸಾಲದೆಂದು ವಾಪಸಾದ ಮಗುವಿನ ಮುಂದೆ ಮಂಡಿಯೂರಿ ಸಮಾಧಾನ ಹೇಳಿದ ಹುಡುಗಿ, ಗಾಲಿಕುರ್ಚಿಯ ಅಜ್ಜಿ ದೋಣಿ ಹತ್ತುವವರೆಗೆ ಇಡೀ ಸಾಲನ್ನು ನಿಲ್ಲಿಸಿದ ಹುಡುಗ, ದಾರಿ ಕೇಳಿದವರ ಜೊತೆ ನಾಲ್ಕು ಹೆಜ್ಜೆ ನಡೆದುಬಂದ ಕಸಗುಡಿಸುವವರು. ವರ್ಷಗಳು ಕಳೆದ ಮೇಲೆ ನೆನಪಿನಲ್ಲಿ ಉಳಿಯುವವರಲ್ಲಿ ಇವರೇ ಹೆಚ್ಚು. ಇವರ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲು ಡಿಸ್ನಿ ಪಾರ್ಕುಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಲ್ಲಿ ಆ ಕೆಲಸಕ್ಕೆ ಎಪ್ಪತ್ತು ವರ್ಷಗಳ ಇತಿಹಾಸವಿದೆ.

ಕಿರಿಯರು: ಆದರೆ ಸಾರ್, ನಗುವುದಕ್ಕೇ ಅವರಿಗೆ ಸಂಬಳ ಕೊಡುವಾಗ ಅದರಲ್ಲಿ ಮೆಚ್ಚುವುದೇನಿದೆ ಎಂದು ಕೇಳುವವರಿದ್ದಾರೆ.

ಹಿರಿಯರು: ಸಂಬಳ ಕೊಟ್ಟ ಮಾತ್ರಕ್ಕೆ ಸ್ನೇಹ ಸಿಗುವುದಾದರೆ ಊರಿನ ಎಲ್ಲ ಕೌಂಟರುಗಳಲ್ಲೂ ಸಿಗಬೇಕಿತ್ತು. ಇದು ಡಿಸ್ನಿಯವರಿಗೂ ಮೊದಲ ದಿನವೇ ದಕ್ಕಿದ್ದಲ್ಲ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರ ಭಾನುವಾರ. ಆಹ್ವಾನಿತರಿಗೆ ಮಾತ್ರ ಎಂದಿದ್ದ ದಿನ ನಕಲಿ ಟಿಕೆಟ್ ಹಿಡಿದು ಸಾವಿರಾರು ಜನ ನುಗ್ಗಿ ಸುಮಾರು 28 ಸಾವಿರ ಮಂದಿ ಸೇರಿದರು. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿಗಳು ಹೂತುಕೊಂಡವು. ಪ್ಲಂಬರುಗಳ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳು ಸಾಲಲಿಲ್ಲ. ಇದೆಲ್ಲ ಟೆಲಿವಿಷನ್‌ನಲ್ಲಿ ನೇರ ಪ್ರಸಾರ ನಡೆಯುತ್ತಿದ್ದ ಹೊತ್ತಿನಲ್ಲೇ. ಆ ದಿನದ ತೊಂದರೆಗಳನ್ನು ಕೆಲವೇ ವಾರಗಳಲ್ಲಿ ಸರಿಪಡಿಸಲಾಯಿತು. ಆದರೆ ವಾಲ್ಟ್ ಡಿಸ್ನಿಯವರನ್ನು ಹೆಚ್ಚು ಕಾಡಿದ್ದು ಬೇರೆ ವಿಷಯ. ವಾಹನ ನಿಲುಗಡೆ ಮತ್ತು ಕಾವಲಿನ ಕೆಲಸವನ್ನು ಅವರು ಮೊದಲು ಹೊರಗಿನವರಿಗೆ ಗುತ್ತಿಗೆ ಕೊಟ್ಟಿದ್ದರು. ಬಂದವರನ್ನು ಮನೆಗೆ ಬಂದ ನೆಂಟರಂತೆ ಕಾಣಬೇಕೆಂಬ ತಮ್ಮ ಯೋಚನೆ ಬಾಡಿಗೆ ಕಾವಲುಗಾರರಿಂದ ಸಾಧ್ಯವಾಗದು ಎಂದು ಬೇಗನೆ ಅರ್ಥಮಾಡಿಕೊಂಡು ಆ ಕೆಲಸಗಳನ್ನೂ ಒಳಗೇ ತೆಗೆದುಕೊಂಡರು.

ಕಿರಿಯರು: ಎಂದರೆ ಗೇಟಿನ ಕಾವಲುಗಾರ, ಕಾರು ನಿಲ್ಲಿಸಲು ಜಾಗ ತೋರಿಸುವವನು, ಇವರೂ ಪಾರ್ಕಿನವರೇ ಆಗಿರಬೇಕು ಎಂದಾಯಿತು.

ಹಿರಿಯರು: ಒಂದು ಕುಟುಂಬದ ಕಣ್ಣಿಗೆ ಮೊದಲು ಬೀಳುವವರು ಅವರೇ ತಾನೆ? ಮಕ್ಕಳನ್ನು ಎಬ್ಬಿಸಿ, ತಿಂಡಿ ತಿನ್ನಿಸಿ, ಎರಡು ಗಂಟೆ ಕಾರು ಓಡಿಸಿಕೊಂಡು ಬಂದವರಿಗೆ ಸಿಗುವ ಮೊದಲ ಮಾತು ಗದರಿಕೆಯಾದರೆ ಒಳಗಿನ ಕೋಟೆ ಎಷ್ಟು ಚೆನ್ನಾಗಿದ್ದರೂ ದಿನ ಕೆಟ್ಟಿತು. ತರಬೇತಿಯ ಹೊಣೆಯನ್ನು ವಾಲ್ಟ್ ಅವರು ವ್ಯಾನ್ ಆರ್ಸ್‌ಡೇಲ್ ಫ್ರಾನ್ಸ್ ಎಂಬುವರಿಗೆ ಒಪ್ಪಿಸಿದರು. ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ತರಬೇತಿ ಕೊಟ್ಟು ಪಳಗಿದ್ದ ಮನುಷ್ಯ ಅವರು. ಅವರಿಗೆ ಸಹಾಯಕರಾಗಿದ್ದವರು ಆಗಷ್ಟೇ ಕಾಲೇಜು ಮುಗಿಸಿದ್ದ ಡಿಕ್ ನ್ಯೂನಿಸ್. ಮುಂದೆ ಎಲ್ಲ ಡಿಸ್ನಿ ಪಾರ್ಕುಗಳ ಮುಖ್ಯಸ್ಥರಾದವರು ಇದೇ ನ್ಯೂನಿಸ್. ಫ್ರಾನ್ಸ್ ಕಟ್ಟಿದ ತರಬೇತಿ ವ್ಯವಸ್ಥೆಗೆ ಡಿಸ್ನಿ ಯೂನಿವರ್ಸಿಟಿ ಎಂಬ ಹೆಸರು ಬಂತು. ಅಲ್ಲಿನ ಮೊದಲ ಪಾಠವೇ ವಿಶೇಷವಾದದ್ದು. ಟಿಕೆಟ್ ಹರಿಯುವವನಿಗೆ ಟಿಕೆಟ್ ಹರಿಯುವುದನ್ನು ಕಲಿಸುವ ಮೊದಲು, ಬಂದವರಿಗೆ ಸಂತೋಷ ಕೊಡುವುದೇ ಇಲ್ಲಿ ಎಲ್ಲರ ಕೆಲಸ ಎಂದು ಹೇಳಿಕೊಡುತ್ತಿದ್ದರು. ಟಿಕೆಟ್, ಪೊರಕೆ, ಸ್ಟೀರಿಂಗ್ ಎಲ್ಲ ಆಮೇಲೆ.

ಕಿರಿಯರು: ಕೆಲಸಗಾರರನ್ನು 'ಕಾಸ್ಟ್ ಮೆಂಬರ್' ಎಂದು ಕರೆಯುವುದೂ ಅಲ್ಲಿಂದಲೇ ಬಂದದ್ದೇ?

ಹಿರಿಯರು: ಹೌದು. ಸಿನಿಮಾದವರು ಕಟ್ಟಿದ ಪಾರ್ಕು, ಸಿನಿಮಾದವರ ಮಾತು. ಗಿರಾಕಿಗೆ ಅತಿಥಿ ಎನ್ನುತ್ತಾರೆ, ಸಮವಸ್ತ್ರಕ್ಕೆ ಕಾಸ್ಟ್ಯೂಮ್ ಎನ್ನುತ್ತಾರೆ, ಜನ ಓಡಾಡುವ ಜಾಗ ವೇದಿಕೆ, ಉಳಿದದ್ದೆಲ್ಲ ತೆರೆಮರೆ. ಯಕ್ಷಗಾನದ ವೇಷಧಾರಿ ಚೌಕಿಯಲ್ಲಿ ಬೀಡಿ ಸೇದಬಹುದು, ಬೆನ್ನುನೋವಿಗೆ ಗೊಣಗಬಹುದು; ರಂಗಸ್ಥಳಕ್ಕೆ ಕಾಲಿಟ್ಟ ಮೇಲೆ ಅವನು ಕರ್ಣನೇ. ಅಲ್ಲಿನ ಏರ್ಪಾಡೂ ಅದೇ. ಫ್ಲಾರಿಡಾದಲ್ಲಿ 1971ರ ಅಕ್ಟೋಬರ್ 1ರಂದು ತೆರೆದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಇದಕ್ಕಾಗಿ ನೆಲದಡಿಯ ಓಣಿಗಳನ್ನೇ ಕಟ್ಟಿದರು. ಸರಿಯಾಗಿ ಹೇಳಬೇಕೆಂದರೆ ಅವು ನೆಲದಡಿಯವಲ್ಲ. ಅಲ್ಲಿ ಅಂತರ್ಜಲ ಬಹಳ ಮೇಲಿರುವುದರಿಂದ ಓಣಿಗಳನ್ನು ನೆಲಮಟ್ಟದಲ್ಲೇ ಕಟ್ಟಿ, ಪಕ್ಕದ ಕೆರೆ ತೋಡಿದಾಗ ಬಂದ ಮಣ್ಣನ್ನು ಮೇಲೆ ಹಾಕಿ, ಅದರ ಮೇಲೆ ಪಾರ್ಕನ್ನು ಎಬ್ಬಿಸಿದ್ದಾರೆ. ಜನ ತಿರುಗಾಡುವುದು ನಿಜಕ್ಕೂ ಎರಡನೆಯ ಅಂತಸ್ತಿನಲ್ಲಿ. ಡಿಸ್ನಿಲ್ಯಾಂಡಿನಲ್ಲಿ ಕೌಬಾಯ್ ವೇಷದವನೊಬ್ಬ ಭವಿಷ್ಯದ ನಗರದ ನಡುವೆ ಹಾದುಹೋಗುವುದನ್ನು ಕಂಡು ವಾಲ್ಟ್ ಬೇಸರಪಟ್ಟಿದ್ದರಿಂದ ಈ ಯೋಚನೆ ಹುಟ್ಟಿತು ಎಂದು ಹೇಳುತ್ತಾರೆ.

ಕಿರಿಯರು: ಅತಿಥಿಗಳ ಕಣ್ಣಿಗೆ ಅದು ಅಚ್ಚುಕಟ್ಟು. ಕೆಲಸಗಾರರಿಗೆ ಅದರಿಂದ ಏನು ಸಿಗುತ್ತದೆ?

ಹಿರಿಯರು: ಬಿಡುವು ಸಿಗುತ್ತದೆ. ಬೇಸರವನ್ನು ಮುಖದ ಮೇಲೆ ತಂದುಕೊಳ್ಳಲು ಒಂದು ಜಾಗ ಸಿಗುತ್ತದೆ. ಎಂಟು ಗಂಟೆ ಸಾವಿರಾರು ಅಪರಿಚಿತರ ಎದುರು ಪ್ರಸನ್ನವಾಗಿರಬೇಕಾದವರಿಗೆ ಕೂತು ಊಟ ಮಾಡಲು, ಬಟ್ಟೆ ಬದಲಿಸಲು, ಸುಮ್ಮನಿರಲು ಕಣ್ಮರೆಯ ಸ್ಥಳವಿರುವುದು ದೊಡ್ಡ ಅನುಕೂಲ. ಅತಿಥಿಸೇವೆಯ ಬಗ್ಗೆ ಬರೆಯುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಕಿರಿಯರು: ತರಬೇತಿಯಲ್ಲಿ ನಿಜವಾಗಿ ಕಲಿಸುವುದೇನು? ನಗಬೇಕು, ನಮಸ್ಕಾರ ಹೇಳಬೇಕು ಎನ್ನುವುದಕ್ಕೆ ಯೂನಿವರ್ಸಿಟಿ ಬೇಕೆ?

ಹಿರಿಯರು: ಮೊದಲು ಕಲಿಸುವುದು ಯಾವುದಕ್ಕೆ ಮೊದಲ ಸ್ಥಾನ, ಯಾವುದಕ್ಕೆ ಆಮೇಲಿನದು ಎಂಬುದನ್ನು. 1960ರ ದಶಕದ ಹೊತ್ತಿಗೆ ನಾಲ್ಕು ಸೂತ್ರಗಳು ನೆಲೆಯಾಗಿದ್ದವು: ಸುರಕ್ಷತೆ, ಸೌಜನ್ಯ, ಪ್ರದರ್ಶನ, ದಕ್ಷತೆ. 2021ರ ಹೊತ್ತಿಗೆ, ಎಲ್ಲರನ್ನೂ ಒಳಗೊಳ್ಳಬೇಕು ಎಂಬ ಐದನೆಯದು ಸೇರಿತು. ಇಲ್ಲಿ ಮುಖ್ಯವಾದದ್ದು ಅನುಕ್ರಮ. ಹಳಿಯ ಪಕ್ಕದಲ್ಲಿ ಒಂದು ಮಗುವಿನ ಟೋಪಿ ಬಿದ್ದು ಅದನ್ನು ಎತ್ತಿಕೊಳ್ಳಲು ಮಗು ಬಗ್ಗಿತು ಎನ್ನೋಣ. ರೈಡ್ ನಿಲ್ಲಿಸಿದರೆ ಪ್ರದರ್ಶನ ಕೆಡುತ್ತದೆ, ಸಾಲು ಬೆಳೆಯುತ್ತದೆ, ಕಾದವರು ಬೈಯುತ್ತಾರೆ. ಆದರೂ ಹತ್ತೊಂಬತ್ತು ವರ್ಷದ ಹುಡುಗ ಒಂದು ಕ್ಷಣವೂ ಅಳುಕದೆ ಗುಂಡಿ ಒತ್ತುತ್ತಾನೆ, ಯಾಕೆಂದರೆ ಸುರಕ್ಷತೆ ಮೊದಲನೆಯದೆಂದು ಅವನಿಗೆ ಗೊತ್ತು, ಅವನ ಮೇಲಿನವರಿಗೂ ಗೊತ್ತು. ಸ್ನೇಹಕ್ಕೆ ಬೇಕಾದ ಧೈರ್ಯವೂ ಅಲ್ಲಿಂದಲೇ ಬರುತ್ತದೆ. ಸೌಜನ್ಯ ಎರಡನೆಯದು, ದಕ್ಷತೆ ಕೊನೆಯದು. ಹಾಗಾಗಿ ಗಾಲಿಕುರ್ಚಿಯ ಅಜ್ಜಿಗಾಗಿ ಸಾಲು ಎರಡು ನಿಮಿಷ ನಿಂತರೆ ಮೇಲ್ವಿಚಾರಕರು ಗದರುವುದಿಲ್ಲ ಎಂಬ ಭರವಸೆ ಹುಡುಗನಿಗಿರುತ್ತದೆ.

ಕಿರಿಯರು: ಸಣ್ಣಪುಟ್ಟ ನಡವಳಿಕೆಗಳೂ ಇವೆಯಲ್ಲ? ಒಂದೇ ಬೆರಳು ತೋರಿಸಿ ದಾರಿ ಹೇಳುವುದಿಲ್ಲ ಎನ್ನುತ್ತಾರೆ.

ಹಿರಿಯರು: ಎರಡು ಬೆರಳು, ಇಲ್ಲವೇ ಇಡೀ ಅಂಗೈ. ಒಂಟಿ ಬೆರಳು ಕೆಲವು ನಾಡುಗಳ ಜನರಿಗೆ ಒರಟಾಗಿ ಕಾಣುತ್ತದೆ. ಮಗುವಿನ ಜೊತೆ ಮಾತಾಡುವಾಗ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಎದೆಯ ಮೇಲಿನ ಬಿಲ್ಲೆಯಲ್ಲಿ ಮೊದಲ ಹೆಸರು ಮಾತ್ರ, ಅದರ ಕೆಳಗೆ ಹುಟ್ಟೂರು. ವಾಲ್ಟ್ ಡಿಸ್ನಿಯವರೂ ತಮ್ಮನ್ನು ಎಲ್ಲರೂ ವಾಲ್ಟ್ ಎಂದೇ ಕರೆಯಬೇಕೆಂದು ಬಯಸಿದ್ದರು. ಇಂಗ್ಲಿಷಲ್ಲದೆ ಬೇರೆ ಭಾಷೆ ಬಲ್ಲವರ ಬಿಲ್ಲೆಯಲ್ಲಿ ಅದೂ ಕಾಣುತ್ತದೆ. ಊರಿನ ಹೆಸರು ಚಿಕ್ಕ ವಿವರದಂತೆ ಕಂಡರೂ ಅದರ ಉಪಯೋಗ ದೊಡ್ಡದು. ನಿಮ್ಮದು ಆ ಊರೇ, ಅಲ್ಲಿ ನಮ್ಮ ಅಣ್ಣ ಇದ್ದಾನೆ ಎಂದು ಒಬ್ಬರು ಹೇಳಿದ ಕೂಡಲೇ ಮಾತು ಕೌಂಟರಿನ ಗೆರೆ ದಾಟುತ್ತದೆ. 1982ರಲ್ಲಿ ತೆರೆದ ಎಪ್‌ಕಾಟ್ ಇದನ್ನೇ ವಿಸ್ತರಿಸಿತು. ಅಲ್ಲಿನ ವರ್ಲ್ಡ್ ಶೋಕೇಸ್‌ನಲ್ಲಿ ಹನ್ನೊಂದು ದೇಶಗಳ ಮಂಟಪಗಳಿವೆ. ನಾರ್ವೆಯ ಮಂಟಪದಲ್ಲಿ ನಾರ್ವೆಯ ತರುಣರು, ಜಪಾನಿನದರಲ್ಲಿ ಜಪಾನಿನವರು ಬಂದು ಕೆಲಸ ಮಾಡುವ ಕಾರ್ಯಕ್ರಮವಿದೆ. ಭಾರತದ ಮಂಟಪ ಅಲ್ಲಿಲ್ಲ.

ಕಿರಿಯರು: ಶೀರ್ಷಿಕೆಗೇ ಏರಿದ ಆ ಪ್ರಶ್ನೆ ಇನ್ನೂ ಬರಲಿಲ್ಲ. ಮೂರು ಗಂಟೆಯ ಮೆರವಣಿಗೆ ಎಷ್ಟು ಗಂಟೆಗೆ ಎಂದು ಜನ ನಿಜವಾಗಿಯೂ ಕೇಳುತ್ತಾರೆಯೇ?

ಹಿರಿಯರು: ಕೇಳುತ್ತಾರೆ. ಡಿಸ್ನಿಯ ತರಬೇತಿಯಲ್ಲಿ ಇದು ಹೆಸರಾದ ಪ್ರಶ್ನೆ. ಮೇಲುನೋಟಕ್ಕೆ ಉತ್ತರ ಪ್ರಶ್ನೆಯಲ್ಲೇ ಇದೆ. ಮೂರು ಗಂಟೆಗೆ ಎಂದು ಹೇಳಿ ನಕ್ಕುಬಿಡಬಹುದು. ಆದರೆ ಕೇಳುತ್ತಿರುವವರು ಬೆಳಗ್ಗೆಯಿಂದ ನಡೆದು ದಣಿದವರು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ. ಅವರಿಗೆ ಬೇಕಾದದ್ದು, ಮೂರಕ್ಕೆ ಹೊರಡುವ ಮೆರವಣಿಗೆ ಈ ಜಾಗಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ, ನೆರಳು ಎಲ್ಲಿದೆ, ಅಷ್ಟರೊಳಗೆ ಮಗುವನ್ನು ಶೌಚಾಲಯಕ್ಕೆ ಕರೆದೊಯ್ದು ಬರಬಹುದೇ ಎಂಬುದು. ಒಳ್ಳೆಯ ಸಿಬ್ಬಂದಿ ಕೇಳಿಸಿಕೊಳ್ಳುವುದು ಆ ಪ್ರಶ್ನೆಗಳನ್ನು. ಇಲ್ಲಿಗೆ ಬರುವುದು ಮೂರೂ ಇಪ್ಪತ್ತರ ಸುಮಾರಿಗೆ, ಆ ಅಂಗಡಿಯ ಮಾಡಿನ ಕೆಳಗೆ ನಿಂತರೆ ಬಿಸಿಲಿಲ್ಲ ಎಂದು ಉತ್ತರ ಬರುತ್ತದೆ. ಕೇಳಿದವರಿಗೆ ತಮ್ಮ ಪ್ರಶ್ನೆ ಪೆದ್ದಾಗಿತ್ತು ಎಂದು ಅನಿಸುವುದೇ ಇಲ್ಲ. ಸೌಜನ್ಯದ ಅತ್ಯುತ್ತಮ ರೂಪ ಇದೇ.

ಕಿರಿಯರು: ಇಂಥ ಪ್ರಶ್ನೆ ಹೆಚ್ಚಾಗಿ ಯಾರ ಪಾಲಿಗೆ ಬರುತ್ತದೆ?

ಹಿರಿಯರು: ಕಸಗುಡಿಸುವವರ ಪಾಲಿಗೆ. ಮಾಹಿತಿ ಕೇಂದ್ರ ಎಲ್ಲೋ ದೂರ ಇರುತ್ತದೆ, ಅಂಗಡಿಯಲ್ಲಿ ಸಾಲು ಇರುತ್ತದೆ. ಪೊರಕೆ ಮತ್ತು ಉದ್ದ ಹಿಡಿಯ ಮೊರ ಹಿಡಿದವರು ಎಲ್ಲೆಲ್ಲೂ ಕಾಣುತ್ತಾರೆ. ಹಾಗಾಗಿ ಅವರಿಗೆ ಗುಡಿಸುವುದರ ಜೊತೆಗೆ ಪಾರ್ಕಿನ ದಾರಿ, ಹೊತ್ತುಗೊತ್ತು ಎಲ್ಲ ಗೊತ್ತಿರಬೇಕು. ಈ ವಿಭಾಗಕ್ಕೆ ಗೌರವ ತಂದವರು ಚಕ್ ಬೋಯಾಜಿಯನ್. 1955ರಿಂದ ಡಿಸ್ನಿಲ್ಯಾಂಡಿನ ಸ್ವಚ್ಛತೆಯನ್ನು ನೋಡಿಕೊಂಡವರು, ಮುಂದೆ ಫ್ಲಾರಿಡಾದಲ್ಲೂ ಟೋಕಿಯೋದಲ್ಲೂ ಅದೇ ಮಟ್ಟವನ್ನು ನೆಲೆಗೊಳಿಸಿದವರು. 2005ರಲ್ಲಿ ಅವರನ್ನು 'ಡಿಸ್ನಿ ಲೆಜೆಂಡ್' ಎಂದು ಗೌರವಿಸಿದರು. ಅದು ಚಿತ್ರಕಾರರಿಗೆ, ನಟರಿಗೆ, ಸಂಗೀತಗಾರರಿಗೆ ಸಿಗುವ ಗೌರವ. ಸ್ವಚ್ಛತೆಯ ಮೇಸ್ತ್ರಿಗೂ ಸಿಕ್ಕಿತು ಎನ್ನುವುದು ಸಣ್ಣ ಮಾತಲ್ಲ. ಟೋಕಿಯೋ ಡಿಸ್ನಿಲ್ಯಾಂಡ್ ತೆರೆದದ್ದು 1983ರ ಏಪ್ರಿಲ್ 15ರಂದು, ಅದನ್ನು ನಡೆಸುವುದು ಓರಿಯಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ. ಅಲ್ಲಿ ಗುಡಿಸುವವರು ಉದುರಿದ ಎಲೆಗಳನ್ನು ಗುಡ್ಡೆ ಹಾಕುವಾಗಲೇ ಮಿಕ್ಕಿ ಮೌಸಿನ ಮುಖ ಮೂಡಿಸುತ್ತಾರೆ, ನೀರಿನಲ್ಲಿ ಅದ್ದಿದ ಪೊರಕೆಯಿಂದ ನೆಲದ ಮೇಲೆ ಚಿತ್ರ ಬರೆಯುತ್ತಾರೆ. ಬಿಸಿಲಿಗೆ ಅದು ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ, ಮಕ್ಕಳು ಮತ್ತೊಂದು ಬರೆಯಿರಿ ಎನ್ನುತ್ತಾರೆ. ಏನು ಹೆಕ್ಕುತ್ತಿದ್ದೀರಿ ಎಂದು ಕೇಳಿದ ಮಗುವಿಗೆ ಕನಸಿನ ಚೂರುಗಳನ್ನು ಎಂದು ಉತ್ತರಿಸುವುದು ಅಲ್ಲಿ ಪ್ರಸಿದ್ಧ.

ಕಿರಿಯರು: ಮಾತಿನ ಚಮತ್ಕಾರ ಒಂದು, ಕಷ್ಟಕಾಲದಲ್ಲಿ ನಿಲ್ಲುವುದು ಇನ್ನೊಂದು.

ಹಿರಿಯರು: ಅದಕ್ಕೂ ಟೋಕಿಯೋದಲ್ಲೇ ಸಾಕ್ಷಿಯಿದೆ. 2011ರ ಮಾರ್ಚ್ 11, ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ 9.0 ತೀವ್ರತೆಯ ಭೂಕಂಪ. ಉರಯಾಸು ನಗರದಲ್ಲಿರುವ ಎರಡು ಡಿಸ್ನಿ ಪಾರ್ಕುಗಳಲ್ಲಿ ಆಗ ಸುಮಾರು 70 ಸಾವಿರ ಜನ ಇದ್ದರು. ಸಿಬ್ಬಂದಿಯಲ್ಲಿ ಬಹುಪಾಲು ಅರೆಕಾಲಿಕರು, ಅನೇಕರು ವಿದ್ಯಾರ್ಥಿಗಳು. ನೆಲ ಅಲುಗುತ್ತಿರುವಾಗಲೇ ಅವರು ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ಬಟ್ಟೆಯ ಗೊಂಬೆಗಳನ್ನು ತೆಗೆದು, ತಲೆಯ ಮೇಲೆ ಹಿಡಿದುಕೊಳ್ಳಿ ಎಂದು ಜನರ ಕೈಗೆ ಕೊಟ್ಟರು. ಆಮೇಲೆ ಮಳೆ ಬಂತು, ಚಳಿ ಹಿಡಿಯಿತು. ಸಾಮಾನು ಹಾಕಿಕೊಡುವ ಪ್ಲಾಸ್ಟಿಕ್ ಚೀಲಗಳನ್ನು ಮಳೆಗೆ ಹೊದೆಯಲು, ರಟ್ಟಿನ ಪೆಟ್ಟಿಗೆಗಳನ್ನು ಚಳಿಗೆ ಮರೆಮಾಡಿಕೊಳ್ಳಲು ಹಂಚಿದರು. ಮಾರುವ ಸಿಹಿತಿಂಡಿಗಳನ್ನು ಹಸಿದವರಿಗೆ ಕೊಟ್ಟರು. ರೈಲುಗಳು ನಿಂತಿದ್ದರಿಂದ ಸುಮಾರು 20 ಸಾವಿರ ಜನ ರಾತ್ರಿ ಅಲ್ಲೇ ಉಳಿದರು. ಅವರನ್ನು ನೋಡಿಕೊಂಡವರಲ್ಲಿ ಎಷ್ಟೋ ಮಂದಿಗೆ ತಮ್ಮ ಮನೆಯವರ ಸುದ್ದಿಯೂ ತಿಳಿದಿರಲಿಲ್ಲ.

ಕಿರಿಯರು: ಅಂಗಡಿಯ ಮಾಲನ್ನು ಹಂಚಲು ಅರೆಕಾಲಿಕ ಹುಡುಗಿಗೆ ಅಪ್ಪಣೆ ಕೊಟ್ಟವರು ಯಾರು?

ಹಿರಿಯರು: ಆ ಗಳಿಗೆಯಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಅತಿಥಿಯ ಸುರಕ್ಷತೆಗೆ ಬೇಕಾದದ್ದನ್ನು ಪಾರ್ಕಿನಲ್ಲಿರುವ ಯಾವುದರಿಂದಲಾದರೂ ಪೂರೈಸಬಹುದು ಎಂಬುದು ಅವರ ತರಬೇತಿಯ ಭಾಗ, ವರ್ಷವಿಡೀ ಕವಾಯತು ನಡೆಯುತ್ತಲೇ ಇರುತ್ತದೆ. ನಾಲ್ಕು ಸೂತ್ರಗಳ ಅನುಕ್ರಮದ ಬೆಲೆ ಅಂದು ಕಂಡಿತು. ದಿನನಿತ್ಯದ ಸಣ್ಣ ಘಟನೆಗಳಲ್ಲೂ ಇದೇ ಅಧಿಕಾರ ಕೆಲಸ ಮಾಡುತ್ತದೆ. ಈಗಷ್ಟೇ ಕೊಂಡ ಐಸ್‌ಕ್ರೀಮ್ ನೆಲಕ್ಕೆ ಬಿದ್ದು ಮಗು ಅಳುತ್ತಿದ್ದರೆ ಇನ್ನೊಂದು ಕೊಡಿಸಲು ಸಿಬ್ಬಂದಿಗೆ ಅವಕಾಶವಿದೆ. ಅರ್ಜಿ ಬರೆದು ಮ್ಯಾನೇಜರ ಸಹಿ ಹಾಕಿಸಿ ತರುವಷ್ಟರಲ್ಲಿ ಮಗುವಿನ ಅಳು ನಿಂತಿರುತ್ತದೆ, ಸಂತೋಷದ ಗಳಿಗೆಯೂ ಕಳೆದಿರುತ್ತದೆ. ಸ್ನೇಹಪರ ಸಿಬ್ಬಂದಿ ಬೇಕೆನ್ನುವ ಯಾವ ಸಂಸ್ಥೆಯಾದರೂ ಮೊದಲು ನೋಡಿಕೊಳ್ಳಬೇಕಾದದ್ದು, ಕೆಳಗಿನ ಮೆಟ್ಟಿಲಲ್ಲಿರುವವರ ಕೈಗೆ ಎಷ್ಟು ನಿರ್ಧಾರ ಕೊಟ್ಟಿದ್ದೇವೆ ಎಂಬುದನ್ನು. ಭೂಕಂಪದ ನಂತರ ಟೋಕಿಯೋ ಡಿಸ್ನಿಲ್ಯಾಂಡ್ ಒಂದು ತಿಂಗಳಿಗೂ ಹೆಚ್ಚು ಕಾಲ ಮುಚ್ಚಿದ್ದು, ಆ ವರ್ಷದ ಏಪ್ರಿಲ್ 15ರಂದು ಮತ್ತೆ ತೆರೆಯಿತು.

ಕಿರಿಯರು: ವೇಷದವರ ವಿಷಯ ಬೇರೆಯೇ ಇರಬೇಕು. ಮಿಕ್ಕಿ, ಗೂಫಿ, ಪ್ಲೂಟೋ.

ಹಿರಿಯರು: ಅವರ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ಫ್ಲಾರಿಡಾದ ಬೇಸಿಗೆಯಲ್ಲಿ ದಪ್ಪ ರೋಮದ ವೇಷ, ದೊಡ್ಡ ತಲೆ, ಮಾತಾಡುವಂತಿಲ್ಲ. ಹೇಳಬೇಕಾದದ್ದನ್ನೆಲ್ಲ ಕೈ, ಭುಜ, ಹೆಜ್ಜೆಗಳಿಂದ ಹೇಳಬೇಕು. ಒಂದು ಪಾತ್ರದ ಸಹಿ ಯಾರು ಹಾಕಿದರೂ ಒಂದೇ ಥರ ಇರಬೇಕು, ಇಲ್ಲವಾದರೆ ನಿನ್ನೆಯ ಮಿಕ್ಕಿ ಬೇರೆ, ಇಂದಿನ ಮಿಕ್ಕಿ ಬೇರೆ ಎಂದು ಮಗು ಕಂಡುಹಿಡಿಯುತ್ತದೆ. ಮಗು ತಾನಾಗಿ ಬಿಡುವವರೆಗೆ ಅಪ್ಪುಗೆ ಬಿಡಬಾರದು ಎಂಬ ರೂಢಿ ಅವರಲ್ಲಿದೆ ಎಂದು ಹೇಳುವುದುಂಟು. ಪಕ್ಕದಲ್ಲಿ ಒಬ್ಬ ಸಹಾಯಕ ಇರುತ್ತಾನೆ. ಸಾಲು ನಡೆಸುವುದು, ಫೋಟೋ ತೆಗೆದುಕೊಡುವುದು, ವೇಷದೊಳಗಿನವರ ಹೊತ್ತು ಮುಗಿಯಿತು ಎಂದು ಗಮನಿಸಿ ಒಳಗೆ ಕರೆದೊಯ್ಯುವುದು ಎಲ್ಲ ಅವನ ಪಾಲು. ಮಿಕ್ಕಿ ಈಗ ತಾನೆ ಬಂದಿದ್ದ, ಅಷ್ಟರಲ್ಲೇ ಹೊರಟ ಎಂದು ಬೇಸರಪಡುವ ಪ್ರವಾಸಿಗರಿಗೆ ಸೆಕೆಯ ಲೆಕ್ಕ ತಿಳಿದಿರುವುದಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಪಾತ್ರಧಾರಿಗಳು 2024ರ ಮೇ ತಿಂಗಳಲ್ಲಿ ಮತ ಹಾಕಿ, ಆಕ್ಟರ್ಸ್ ಈಕ್ವಿಟಿ ಎಂಬ ನಟರ ಸಂಘವನ್ನು ಸೇರಲು ತೀರ್ಮಾನಿಸಿದರು.

ಕಿರಿಯರು: ಈ ದುಡಿಮೆಯ ಕಷ್ಟದ ಮಾತಿಗೆ ಬರಲೇಬೇಕು ಸಾರ್. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಗಗನಸಖಿಯರನ್ನು ಅಧ್ಯಯನ ಮಾಡಿ, ಭಾವನೆಯನ್ನೇ ದುಡಿಮೆಯಾಗಿ ಮಾರುವುದರ ಬಗ್ಗೆ ಪುಸ್ತಕ ಬರೆದರು. ಮುಖದ ಮೇಲಷ್ಟೇ ನಗುವುದು ಒಂದು, ಒಳಗಿನಿಂದಲೂ ಹಾಗೆ ಅನಿಸುವಂತೆ ತನ್ನನ್ನೇ ತಿದ್ದಿಕೊಳ್ಳುವುದು ಇನ್ನೊಂದು. ಎರಡಕ್ಕೂ ಮನುಷ್ಯ ತೆರುವ ಬೆಲೆ ಇದೆ ಎಂದರು. ಡಿಸ್ನಿಲ್ಯಾಂಡಿನಲ್ಲೇ ಒಮ್ಮೆ ಕೆಲಸ ಮಾಡಿದ್ದ ಜಾನ್ ವ್ಯಾನ್ ಮಾನೆನ್ 1991ರಲ್ಲಿ ಬರೆದ ಪ್ರಬಂಧಕ್ಕೆ ಇಟ್ಟ ಹೆಸರೇ ನಗೆಯ ಕಾರ್ಖಾನೆ. 1992ರಲ್ಲಿ ಪ್ಯಾರಿಸ್ಸಿನಲ್ಲಿ ಪಾರ್ಕು ತೆರೆದಾಗ ಕೂದಲು, ಗಡ್ಡ, ಉಡುಪಿನ ಕಟ್ಟಳೆಗಳನ್ನು ಫ್ರಾನ್ಸಿನ ಕಾರ್ಮಿಕ ಸಂಘಗಳು ವಿರೋಧಿಸಿದವು.

ಹಿರಿಯರು: ವಿರೋಧಿಸಿದ್ದು ಸರಿಯಾಗಿತ್ತು. ಆ ಕಟ್ಟಳೆಗಳು ಕ್ರಮೇಣ ಸಡಿಲವೂ ಆದವು. ಫ್ಲಾರಿಡಾದಲ್ಲಿ ಮೀಸೆಗೆ 2000ದಲ್ಲಿ, ಚಿಕ್ಕ ಗಡ್ಡಕ್ಕೆ 2012ರಲ್ಲಿ, ಕಾಣುವ ಹಚ್ಚೆಗೆ 2021ರಲ್ಲಿ ಅನುಮತಿ ಸಿಕ್ಕಿತು. ಸಂಸ್ಥೆಯನ್ನು ಕಟ್ಟಿದ ವಾಲ್ಟ್ ಡಿಸ್ನಿಯವರಿಗೇ ಮೀಸೆಯಿತ್ತು. ಸಮಾಜಶಾಸ್ತ್ರಜ್ಞರ ಮಾತು ನಿಜ ಎಂದು ಒಪ್ಪಿದರೆ ಸಿಬ್ಬಂದಿಯ ಮೇಲಿನ ಮೆಚ್ಚುಗೆ ಹೆಚ್ಚಾಗಬೇಕು. ನಗು ಸುಲಭವಾಗಿ ಬರುವುದಾಗಿದ್ದರೆ ಕೃತಜ್ಞತೆಯೂ ಹಗುರವಾಗಿರಬಹುದಿತ್ತು. ದಿನಕ್ಕೆ ನೂರು ಸಲ ಅದೇ ಪ್ರಶ್ನೆ ಕೇಳಿಯೂ ನೂರೊಂದನೆಯವರಿಗೆ ಹೊಸದಾಗಿ ಉತ್ತರಿಸುವುದು ಕಷ್ಟದ ಕೆಲಸ ಎಂದ ಮೇಲೆ, ಅದನ್ನು ಮಾಡುವವರನ್ನು ಕುಶಲ ಕೆಲಸಗಾರರೆಂದು ಕಾಣಬೇಕು, ಕುಶಲರಿಗೆ ಸಲ್ಲುವ ಕೂಲಿಯನ್ನೂ ಕೊಡಬೇಕು.

ಕಿರಿಯರು: ಕೂಲಿಯ ಕಥೆ ಅಷ್ಟು ಸುಂದರವಾಗಿಲ್ಲ. ಡಿಸ್ನಿಲ್ಯಾಂಡಿನ ಕೆಲಸಗಾರರ ನಡುವೆ ನಡೆದ ಸಮೀಕ್ಷೆಯೊಂದರ ವರದಿ 2018ರಲ್ಲಿ ಬಂತು. ಉತ್ತರಿಸಿದವರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹಿಂದಿನ ಎರಡು ವರ್ಷಗಳಲ್ಲಿ ಯಾವಾಗಲೋ ಒಮ್ಮೆ ಮನೆಯಿಲ್ಲದೆ ಇದ್ದವರು. ಸಮೀಕ್ಷೆಗೆ ಕಾರ್ಮಿಕ ಸಂಘಗಳ ಬೆಂಬಲವಿತ್ತು, ಕಂಪನಿ ಅದನ್ನು ಒಪ್ಪಲಿಲ್ಲ. ಸಂಸ್ಥಾಪಕರ ಕುಟುಂಬದ ಅಬಿಗೇಲ್ ಡಿಸ್ನಿ ಇದೇ ವಿಷಯದ ಮೇಲೆ ಸಾಕ್ಷ್ಯಚಿತ್ರ ಮಾಡಿದರು.

ಹಿರಿಯರು: ಸಂಘಗಳು ಬಿಡಲಿಲ್ಲ, ಕೂಲಿ ಏರಿತು. ಫ್ಲಾರಿಡಾದಲ್ಲಿ 2018ರ ಒಪ್ಪಂದ, ಕನಿಷ್ಠ ಕೂಲಿಯನ್ನು ಹಂತಹಂತವಾಗಿ 2021ರ ಹೊತ್ತಿಗೆ ಗಂಟೆಗೆ 15 ಡಾಲರಿಗೆ ತಂದಿತು. 2023ರದು 18ಕ್ಕೆ ಏರಿಸಿತು. ಡಿಸ್ನಿಲ್ಯಾಂಡಿನಲ್ಲಿ 2024ರ ಜುಲೈಯಲ್ಲಿ ಸುಮಾರು 14 ಸಾವಿರ ಕೆಲಸಗಾರರ ಸಂಘಗಳು ಮುಷ್ಕರದ ಅಂಚಿಗೆ ಬಂದ ಮೇಲೆ 24 ಡಾಲರಿನ ಒಪ್ಪಂದವಾಯಿತು. ಇವುಗಳ ನಡುವೆ ಬಂದ ದೊಡ್ಡ ಪೆಟ್ಟು ಕೊರೋನಾದ್ದು. 2020ರ ಸೆಪ್ಟೆಂಬರಿನಲ್ಲಿ 28 ಸಾವಿರ ಜನರನ್ನು ಕೆಲಸದಿಂದ ತೆಗೆಯುವುದಾಗಿ ಕಂಪನಿ ಪ್ರಕಟಿಸಿತು, ಅವರಲ್ಲಿ ಮೂರನೆಯ ಎರಡು ಪಾಲು ಅರೆಕಾಲಿಕರು. ಮನೆಯಂತೆ ಭಾವಿಸಿ ದುಡಿದವರಿಗೆ ಅದು ಸಣ್ಣ ನೋವಲ್ಲ. ಪ್ರವಾಸಿಗರು ಎಷ್ಟೋ ವರ್ಷಗಳಿಂದ ಹೆಸರು ಹಿಡಿದು ಕರೆಯುತ್ತಿದ್ದ ಮುಖಗಳು ಪಾರ್ಕು ತೆರೆದಾಗ ಕಾಣಲಿಲ್ಲ. ಇಂಥವರಿಗೆ ಕೂಲಿ ಏರಬೇಕು ಎಂದು ಪ್ರವಾಸಿಗರೂ ಹೇಳುವುದು ಮೆಚ್ಚುಗೆಯ ಒಂದು ಭಾಗವೇ. ಟಿಕೆಟಿನ ಬೆಲೆ ಏರಿದಾಗ ಗೊಣಗುವ ಬಾಯಿ ಅದನ್ನೂ ಹೇಳಬಹುದು.

ಕಿರಿಯರು: ಕನ್ನಡದ ಕುಟುಂಬಗಳೂ ಆ ಪಾರ್ಕುಗಳಿಗೆ ಹೋಗುತ್ತವೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಊರಿನಿಂದ ಬಂದ ಅಪ್ಪ ಅಮ್ಮನನ್ನು ಆರ್ಲ್ಯಾಂಡೊಗೆ ಕರೆದೊಯ್ಯುವುದು ಈಗ ಸಾಮಾನ್ಯ.

ಹಿರಿಯರು: ಅಂಥ ಕುಟುಂಬಕ್ಕೆ ಸಿಬ್ಬಂದಿಯ ಬೆಲೆ ಇನ್ನೂ ಬೇಗ ತಿಳಿಯುತ್ತದೆ. ಮೊಣಕಾಲು ನೋವಿನ ಅಮ್ಮ, ಮೊಟ್ಟೆ ಮುಟ್ಟದ ಅಪ್ಪ, ಓಡುವ ಮೊಮ್ಮಕ್ಕಳು. ಕೂತು ಊಟಮಾಡುವ ಹೋಟೆಲುಗಳಲ್ಲಿ ಪಥ್ಯ ಇದೆಯೆಂದು ತಿಳಿಸಿದರೆ ಬಾಣಸಿಗರೇ ಮೇಜಿನ ಬಳಿ ಬಂದು ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಕೇಳಿ ತಿಳಿದುಕೊಳ್ಳುವ ಪದ್ಧತಿ ಅಲ್ಲಿ ಬೇರೂರಿದೆ. 2019ರಿಂದ ಮೆನುವಿನಲ್ಲಿ ಹಸಿರೆಲೆಯ ಗುರುತೂ ಬಂದಿದೆ. ಆ ಗುರುತಿನ ತಿನಿಸಿನಲ್ಲಿ ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಬೇಡದವರು ಮಾತ್ರ ಬಾಯಿಬಿಟ್ಟು ಕೇಳಬೇಕು. ಚಿಕ್ಕ ಮಗುವನ್ನು ದೊಡ್ಡ ರೈಡಿಗೆ ಬಿಡುವುದಿಲ್ಲವಾದರೆ ಗಂಡ ಹೆಂಡತಿ ಸರದಿಯ ಮೇಲೆ ಹೋಗಿಬರಬಹುದು, ಎರಡನೆಯವರು ಮತ್ತೆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಇದನ್ನು ಎಷ್ಟೋ ಮಂದಿಗೆ ತಿಳಿಸುವುದೇ ರೈಡಿನ ಬಾಗಿಲಲ್ಲಿ ನಿಂತ ಸಿಬ್ಬಂದಿ.

ಕಿರಿಯರು: ಅದೇ ಬಾಗಿಲಲ್ಲಿ ಮಗುವನ್ನು ತಡೆಯುವವರೂ ಅವರೇ.

ಹಿರಿಯರು: ಫ್ಲಾರಿಡಾದ ಸ್ಪೇಸ್ ಮೌಂಟನ್ ಎಂಬ ರೈಡಿಗೆ 44 ಅಂಗುಲ, ಎಂದರೆ ಸುಮಾರು 112 ಸೆಂಟಿಮೀಟರ್ ಎತ್ತರ ಬೇಕು. ಅರ್ಧ ಅಂಗುಲ ಕಡಿಮೆಯಾದರೂ ಬಿಡುವಂತಿಲ್ಲ. ಅಪ್ಪಂದಿರು ವಾದಿಸುತ್ತಾರೆ, ಇಷ್ಟು ದೂರದಿಂದ ಬಂದಿದ್ದೇವೆ ಎನ್ನುತ್ತಾರೆ. ಆಗ ಒಂದಿಂಚೂ ಜಗ್ಗದೆ, ದನಿಯನ್ನೂ ಏರಿಸದೆ ನಿಲ್ಲುವ ಸಿಬ್ಬಂದಿಯನ್ನು ಯಾರೂ ಹೊಗಳುವುದಿಲ್ಲ. ಹೊಗಳಬೇಕಾದವರ ಸಾಲಿನಲ್ಲಿ ಅವರು ಮುಂದೆ ಇರಬೇಕು. ಬಿಡದಿಯ ವಂಡರ್‌ಲಾದಲ್ಲಿಯೂ ಈ ಕೆಲಸ ನಡೆಯುತ್ತದೆ. 2005ರಲ್ಲಿ ತೆರೆದ ಆ ಪಾರ್ಕಿನಲ್ಲಿ ಅಲೆಯ ಕೊಳದ ಅಂಚಿನಲ್ಲಿ ಸೀಟಿ ಹಿಡಿದು ನಿಂತ ಜೀವರಕ್ಷಕರು, ನೀರಿಗಿಳಿಯುವ ಮುನ್ನ ಬಟ್ಟೆ ಸರಿಯಿಲ್ಲವೆಂದು ವಾಪಸು ಕಳಿಸುವವರು, ಸೀಟಿನ ಪಟ್ಟಿಯನ್ನು ಎಳೆದು ನೋಡುವವರು ದಿನವಿಡೀ ಕೇಳಿಸಿಕೊಳ್ಳುವುದು ಹೆಚ್ಚಾಗಿ ಗೊಣಗಾಟವನ್ನೇ. ಅಲೆಯ ಕೊಳದ ಸದ್ದಿನಲ್ಲಿ ಮುಳುಗುವವರ ಕೂಗು ಕೇಳುವುದಿಲ್ಲ. ಜೀವರಕ್ಷಕರು ಅದನ್ನು ಕಣ್ಣಿನಿಂದಲೇ ಹಿಡಿಯಬೇಕು. ಅದಕ್ಕೇ ಅವರು ಮಾತಾಡಿಸಿದವರ ಕಡೆ ತಿರುಗದೆ ನೀರನ್ನೇ ನೋಡುತ್ತಾ ಉತ್ತರಿಸುವುದು. ಅದನ್ನು ಒರಟುತನ ಎಂದು ತಿಳಿಯಬಾರದು.

ಕಿರಿಯರು: ಹಾಗಾದರೆ ಮೆಚ್ಚುಗೆಯನ್ನು ಹೇಗೆ ಮುಟ್ಟಿಸಬೇಕು? ಟಿಪ್ಸ್ ಕೊಡುವುದೇ?

ಹಿರಿಯರು: ಡಿಸ್ನಿಯಲ್ಲಿ ಊಟ ಬಡಿಸುವವರಿಗೆ, ಹೋಟೆಲ್ ಕೋಣೆ ಶುಚಿಮಾಡುವವರಿಗೆ, ಸಾಮಾನು ಹೊರುವವರಿಗೆ ಟಿಪ್ಸ್ ಕೊಡುವುದು ರೂಢಿ, ಅಮೆರಿಕದಲ್ಲಿ ಅದು ಅವರ ಆದಾಯದ ಭಾಗ. ರೈಡು ನಡೆಸುವವರು, ವೇಷದವರು, ಗುಡಿಸುವವರು ಹಣ ತೆಗೆದುಕೊಳ್ಳುವುದಿಲ್ಲ. ಅವರಿಗೆ ಉಪಕಾರವಾಗುವುದು ಲಿಖಿತ ಪ್ರಶಂಸೆ. ಹಿಂದೆ ಮುಖ್ಯಬೀದಿಯ ಸಿಟಿ ಹಾಲ್‌ಗೆ ಹೋಗಿ ಹೇಳಬೇಕಿತ್ತು, ಈಗಲೂ ಅತಿಥಿಸೇವೆಯ ಕೌಂಟರುಗಳಲ್ಲಿ ಹೇಳಬಹುದು. ಪಾರ್ಕಿನ ಮೊಬೈಲ್ ಆ್ಯಪ್‌ನಲ್ಲೂ ಅದಕ್ಕೆ ಜಾಗವಿದೆ. ಅದು ಮೇಲ್ವಿಚಾರಕರಿಗೆ ತಲುಪುತ್ತದೆ, ಕೆಲಸಗಾರರಿಗೂ ತೋರಿಸುತ್ತಾರೆ. ಸಹೋದ್ಯೋಗಿಗಳ ಶಿಫಾರಸಿನಿಂದ ಕೆಲವರಿಗಷ್ಟೇ ಸಿಗುವ ವಾಲ್ಟ್ ಡಿಸ್ನಿ ಲೆಗಸಿ ಅವಾರ್ಡ್ ಎಂಬ ಗೌರವವೂ ಇದೆ. ಅದು ಸಿಕ್ಕವರು ಹೆಸರಿನ ನೀಲಿ ಬಿಲ್ಲೆ ಧರಿಸುತ್ತಾರೆ. ಗುರುತಿಸಿ ಅಭಿನಂದಿಸಿದರೆ ಅವರಿಗೆ ಬಹಳ ಸಂತೋಷ.

ಕಿರಿಯರು: ಏನು ಬರೆಯಬೇಕು? ತುಂಬಾ ಚೆನ್ನಾಗಿತ್ತು, ಎಲ್ಲರಿಗೂ ಧನ್ಯವಾದ ಎಂದರೆ ಸಾಲದೇ?

ಹಿರಿಯರು: ಎಲ್ಲರಿಗೂ ಎಂದು ಬರೆದದ್ದು ಯಾರಿಗೂ ಮುಟ್ಟುವುದಿಲ್ಲ. ಬಿಲ್ಲೆಯ ಮೇಲಿನ ಹೆಸರು ಮತ್ತು ಊರು, ಜಾಗ, ದಿನ, ಸುಮಾರು ಹೊತ್ತು, ಅವರು ಮಾಡಿದ್ದೇನು, ಅದರಿಂದ ಆದದ್ದೇನು, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯಬೇಕು. ಒಂದೇ ಹೆಸರಿನವರು ಬಹಳ ಜನ ಇರುವುದರಿಂದ ಊರಿನ ಹೆಸರು ಅಗತ್ಯ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಒಂದರಲ್ಲೇ 70 ಸಾವಿರಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಾರೆ. ಮನೆಗೆ ಹೋದ ಮೇಲೆ ಬರೆಯೋಣ ಎಂದುಕೊಂಡರೆ ಹೆಸರು ಮರೆತಿರುತ್ತದೆ, ಸಾಲಿನಲ್ಲಿ ನಿಂತಾಗಲೇ ಫೋನಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ನಮ್ಮ ಊರಿನ ಪಾರ್ಕುಗಳಿಗೂ ಇದೇ ಕ್ರಮ ಸಲ್ಲುತ್ತದೆ. ಜೀವರಕ್ಷಕರ ಹೆಸರು ಹಿಡಿದು ಮ್ಯಾನೇಜರಿಗೆ ಬರೆದ ಒಂದು ಪತ್ರಕ್ಕೆ ಅವರ ಕೆಲಸದ ಕಡತದಲ್ಲಿ ಬೆಲೆಯಿರುತ್ತದೆ. ಗುತ್ತಿಗೆಯ ಮೇಲೆ ಬಂದವರಾದರಂತೂ ಇನ್ನೂ ಹೆಚ್ಚು.

ಕಿರಿಯರು: ಹೆಸರೇ ಕಾಣದವರು? ಜನ ಹೋದ ಮೇಲೆ ರಾತ್ರಿ ಪಾಳಿಯಲ್ಲಿ ಬೀದಿ ತೊಳೆಯುವವರು, ಹಳಿ ಪರೀಕ್ಷಿಸುವವರು, ದೀಪ ಬದಲಿಸುವವರು, ಗಿಡ ಕತ್ತರಿಸುವವರು?

ಹಿರಿಯರು: ಅವರಿಗೆ ವಿಭಾಗದ ಹೆಸರಿನಲ್ಲಿ ಬರೆಯಬಹುದು. ಯಾವ ಬೀದಿ, ಯಾವ ರೈಡು, ಯಾವ ತೋಟ ಎಂದು ಹೇಳಿದರೆ ಸಾಕು. ಯಾವ ರಾತ್ರಿ ಯಾರು ಪಾಳಿಯಲ್ಲಿದ್ದರು ಎಂಬ ಲೆಕ್ಕ ಮೇಲ್ವಿಚಾರಕರ ಬಳಿ ಇರುತ್ತದೆ.